ಎಂಟನೆಯ ಕಡ್ಡಿ

ಪ್ರವೇಶದ ಫಾರಮ್ಮಿನಲ್ಲಿ ಹವ್ಯಾಸಕ್ಕೆಂದು
ಬಿಟ್ಟಿದ್ದು ಬೆರಳುದ್ದದ ಒಂದು ಗೆರೆ.
ಮುಂದೆ ನಿಂತವಳದ್ದನ್ನೇ ನೋಡಿ ಬರೆದೆ:
ಪುಸ್ತಕ ಓದುವುದು, ಹಾಡು ಕೇಳುವುದು.

ಪೂರ್ತಿ ಸುಳ್ಳಲ್ಲ. ಆದರೆ
ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ
ಬಾಗಿಲು ಹಾಕಿದ ಬಟ್ಟೆಯಂಗಡಿಯ ಜಗಲಿಯಲ್ಲಿ
ಉಸ್ಸೈನಾರ್ ಕಾಕ ಕೊಡೆ ರಿಪೇರಿಗೆ ಕೂತರೆ
ಪಕ್ಕದಲ್ಲಿ ಕುಕ್ಕರುಗಾಲಲ್ಲಿ ನಾನು,
ಸತ್ತ ಕೊಡೆಗಳ ಸ್ಪ್ರಿಂಗು ಬಿಚ್ಚಿ
ಉಪ್ಪಿನಕಾಯಿಯ ಹಳೇ ಬಾಟಲಿಗೆ ತುಂಬುವವಳು.
ಈವರೆಗೆ ನೂರಾ ಹನ್ನೊಂದು.
ಇದಕ್ಕೇನು ಹೆಸರು?
ಹಾಕಿಯಲ್ಲಿ ಗೋಲು ಕಾಯುತ್ತೇನೆ ಅಂತಾದರೂ
ಬರೆಯಬಹುದಿತ್ತು. ನಮ್ಮ ಕಡೆ ಅದು
ನೆಗಡಿಯ ಹಾಗೆ, ಎಲ್ಲರಿಗೂ ಒಮ್ಮೆ ಬರುತ್ತದೆ.

ಪೊನ್ನಂಪೇಟೆಗೆ ಏಳೂ ಇಪ್ಪತ್ತರ ಬಸ್ಸು.
ಬಿಟ್ಟಂಗಾಲದ ತಿರುವಿನಲ್ಲಿ ಆನೆ ನಿಂತರೆ
ಮೊದಲ ಗಂಟೆಯ ಹಾಜರಿ ಹೋಯಿತು.
ಬಯಲುಸೀಮೆಯಿಂದ ಬಂದ ಗಣಿತದ ಸರ್
ಒಂದು ಸಲ ನಂಬಿದರು.

ಕೆಮಿಸ್ಟ್ರಿಯಲ್ಲಿ ಒಂದೇ ಹನಿ ಹೆಚ್ಚಾಗಿ
ಬೆಳಗಿನ ದುಡಿಮೆಯೆಲ್ಲ ಗುಲಾಬಿ.
ಕಂಪ್ಯೂಟರಿಗೆ ಒಂದು ಅರ್ಧವಿರಾಮ ಮರೆತೆ,
ಹದಿನೇಳು ತಪ್ಪು ತೋರಿಸಿತು;
ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಜಗಳ
ನಮ್ಮ ಉಮ್ಮ ಕೂಡ ತೆಗೆಯುವುದಿಲ್ಲ.
ವರ್ಕ್‌ಶಾಪಿನಲ್ಲಿ ಕಬ್ಬಿಣದ ಚಪ್ಪಟೆ ತುಂಡು,
ಒಂದು ಅರ, ಅಂಗೈಯಲ್ಲಿ ಎರಡು ಬೊಬ್ಬೆ.
ಬೆಳ್ಯಪ್ಪ ಸರ್ ಮೂಲೆಮಟ್ಟ ಇಟ್ಟು
ಕಿಟಕಿಯತ್ತ ಎತ್ತಿ ಹಿಡಿಯುತ್ತಾರೆ:
‘ಬೆಳಕು ಬರ್ತಾ ಉಂಟು.’
ಬೇರೆ ಎಲ್ಲಾದರೂ ಅದು ಒಳ್ಳೆಯ ಮಾತು.
ಇಲ್ಲಿ, ಇನ್ನೂ ಉಜ್ಜು ಅಂತ ಅರ್ಥ.

ಲೈಬ್ರರಿಯಲ್ಲಿ, ಮೂರನೇ ಸೆಮಿಸ್ಟರಿನವರ
ದಪ್ಪ ಪುಸ್ತಕದಲ್ಲಿ, ಸುಮ್ಮನೆ ತಿರುವುತ್ತಿದ್ದಾಗ
ಕಾಕನ ಕೊಡೆ ಸಿಕ್ಕಿತು!
ಬಟ್ಟೆ ಇಲ್ಲ, ಹಿಡಿ ಇಲ್ಲ,
ಮೂರು ಗೆರೆ, ಎರಡು ಕೀಲು, ಜಾರುವ ಒಂದು ಚೌಕ.
ಅದಕ್ಕೊಂದು ಹೆಸರೂ ಇತ್ತು,
ಕೆಳಗೊಂದು ಸೂಚನೆಯೂ:
ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಜೆ ಹೋಗಿ ಕಾಕನಿಗೆ ಹೇಳಿದೆ.
‘ತುಕ್ಕು?’
ಇಲ್ಲ ಕಾಕ.
‘ಗಾಳಿಗೆ ಮಗುಚೋದು?’
ಅದೂ ಇಲ್ಲ.
ಹಲ್ಲಲ್ಲಿ ತಂತಿ ಕಚ್ಚಿಕೊಂಡೇ ನಕ್ಕ:
‘ಹಾಗಾದರೆ ಆ ಊರಲ್ಲಿ ಅಂಗಡಿ ಹಾಕಿ
ನಾನು ಏನು ತಿನ್ನಲಿ ಸಫ್ರೀನಾ?’

ಆ ವಾರವೇ ಡ್ರಾಯಿಂಗಿನ ಮೇಡಂ
ಮನೆಯ ಯಾವುದಾದರೂ ಒಂದು ವಸ್ತುವನ್ನು
ಎದುರಿಂದ, ಮೇಲಿಂದ ಬರೆದು ತನ್ನಿ ಅಂದರು.
ನನ್ನ ಕೊಡೆಯನ್ನೇ ಬಿಚ್ಚಿ ನೆಲಕ್ಕಿಟ್ಟೆ.
ಎರಡು ಮಳೆಗಾಲದ ಹಿಂದೆ ಒಂದು ಕಡ್ಡಿ ಮುರಿದಾಗ
ಯಾರೋ ಗಂಡಸಿನ ಕೊಡೆಯದನ್ನು
ಕಾಕ ಅದಕ್ಕೆ ಕೂರಿಸಿದ್ದ. ಅರ್ಧ ಇಂಚು ಉದ್ದ,
ಬಟ್ಟೆ ಅಲ್ಲಿ ಮಾತ್ರ ಮೊಣಕೈ ಚಾಚಿದಂತೆ.
ಅಳೆದೆ. ಇದ್ದದ್ದನ್ನು ಇದ್ದಂತೆ ಎಳೆದೆ.
ಹೊರಗಿನ ಗೆರೆ ದಪ್ಪ, ಕಾಣದ್ದಕ್ಕೆ ಚುಕ್ಕೆ ಚುಕ್ಕೆ.

ಹಾಳೆ ವಾಪಸು ಬಂತು.
ಎಂಟನೆಯ ಮೂಲೆಗೆ ಕೆಂಪು ಸುತ್ತು:
ಅಷ್ಟಭುಜ ಸಮವಾಗಿಲ್ಲ.
ಅಳಿಸುವ ರಬ್ಬರ್ ಕೈಯಲ್ಲೇ ಇತ್ತು.
ಹೊರಗೆ ಮಳೆ ಶುರುವಾಗಿ
ಬಸ್ಸಿಗೆ ಹತ್ತೇ ನಿಮಿಷ.
ಮೇಡಂ ಮೇಜಿನ ಮುಂದೆ ಕೊಡೆ ಬಿಚ್ಚಿದೆ.
‘ಒಳಗೆ ಬಿಚ್ಚಬಾರದಮ್ಮ’ ಅಂದರು,
ಅಂದು, ಬಗ್ಗಿ, ಸ್ಕೇಲು ಹುಡುಕಿದರು.