ನಾಲ್ಕು ಸಾವಿರದಲ್ಲೊಂದು ತಗ್ಗು

ಸಾಳುಂಖೆಯವರ ಆಂಪ್ಲಿಫೈಯರು ನನ್ನ ಮೇಜಿನ ಮೇಲೆ
ದೀಪಾವಳಿ ಮುಗಿದಾಗಿನಿಂದ ಕೂತಿದೆ.
ಸತ್ತದ್ದು ಒಂದು ಕೆಪ್ಯಾಸಿಟರು, ಹೊಟ್ಟೆ ಉಬ್ಬಿ,
ಹದಿನಾಲ್ಕು ರೂಪಾಯಿಯದು.
ಬದಲಿಸಿ ಮೂರು ವಾರ. ಫೋನು ಎತ್ತುವುದಿಲ್ಲ ಅವರು.

ಮುಚ್ಚಳ ತೆಗೆದೇ ಇತ್ತು. ಅವ್ವ ಬಗ್ಗಿ ನೋಡಿದಳು:
"ಇದರಾಗ ಹಾಡು ಎಲ್ಲಿರ್ತದ?"
ತೋರಿಸಿದೆ. ಉಗುರಿನಷ್ಟು ಕರಿ ಚೌಕ,
ನಾಲ್ಕೂ ಕಡೆ ಇರುವೆಕಾಲು.
ಇರೂದಿಲ್ಲವ್ವ, ಹಾದು ಹೋಗ್ತದ. ಲೆಕ್ಕ ಆಗಿ.
ಎರಡು ಸಲ ಹೇಳಬೇಕು ಅವಳಿಗೆ. ಎರಡನೆಯದು ಒದರಿ.

ಸೊಲ್ಲಾಪುರದ ಅಶೋಕ ಚೌಕದಾಚೆ ಮೂವತ್ತೊಂದು ವರ್ಷ
ಎಂಟು ಪವರ್‌ಲೂಮುಗಳ ನಡುವೆ ನಿಂತ ಕಿವಿ.
ಚಾದರದ ಮೇಲೆ ನವಿಲು ಬಂದು ಕೂತಿತು,
ಕಿವಿಯೊಳಗೆ ಒಂದು ಪಟ್ಟಿ ಖಾಲಿಯಾಯಿತು.
ಆಸ್ಪತ್ರೆಯ ಹಾಳೆಯಲ್ಲಿ ನೋಡಿದ್ದೇನೆ:
ಗೆರೆ ನೆಟ್ಟಗೆ ನಡೆಯುತ್ತ ನಡೆಯುತ್ತ
ನಾಲ್ಕು ಸಾವಿರದ ಹತ್ತಿರ ತಗ್ಗಿಗೆ ಬಿದ್ದು
ಮತ್ತೆ ಏಳುತ್ತದೆ, ಮಂಡಿ ತರಚಿಕೊಂಡು.
ಆ ತಗ್ಗಿನಲ್ಲೇ ಬಿದ್ದಿವೆ ಸ, ಶ, ಚ.
ಬಸ್ಸು ಅವಳಿಗೆ ಬರೀ ಬ.
ಸಕ್ಕರಿ ತರಲೇನು ಅಂದರೆ
ಅಕ್ಕರಿ ಎಲ್ಲಿಂದ ತರ್ತಿ, ಅನ್ನುತ್ತಾಳೆ.

ಹೆಂಗ ಲೆಕ್ಕ, ಅಂದಳು.
ನೆಯ್ದವಳಿಗೆ ನಾನೇನು ಹೇಳಲಿ.
ದನಿ ಬರುವಾಗ ತಂತಿಯೊಳಗಿನ ತೂಗಾಟ ಅಷ್ಟೇ.
ಬಾಗಿಲಲ್ಲಿ ಅದನ್ನು ಸೆಕೆಂಡಿಗೆ
ನಲವತ್ತೆಂಟು ಸಾವಿರ ಸಲ ತಡೆದು ನಿಲ್ಲಿಸಿ
ಎತ್ತರ ಕೇಳುತ್ತಾರೆ. ಸಲಕ್ಕೊಂದು ಅಂಕಿ.
ಅಂಕಿಯೆಂದರೆ ನಿನ್ನ ಜಕಾರ್ಡಿನ ಕಾರ್ಡೇ,
ತೂತಿದ್ದರೆ ಎಳೆ ಏಳಬೇಕು, ಇಲ್ಲದಿದ್ದರೆ ಇಲ್ಲ.
ಒಂದೊಂದು ಅಂಕಿಗೆ ಇಪ್ಪತ್ನಾಲ್ಕು ತೂತಿನ ಜಾಗ.

ಆಮೇಲೆ ಈ ಕರಿ ಚೌಕ.
ಇದಕ್ಕೆ ರಾಗ ಗೊತ್ತಿಲ್ಲ, ಗುಣಿಸಲು ಬರುತ್ತದೆ, ಕೂಡಲು ಬರುತ್ತದೆ.
ಈಗ ಬಂದ ಅಂಕಿ, ಅದರ ಹಿಂದಿನದು,
ಅದಕ್ಕೂ ಹಿಂದಿನದು, ಇದಕ್ಕಿಷ್ಟು ಪಾಲು, ಅದಕ್ಕಿಷ್ಟು,
ತಾನು ಆಗಲೇ ಹೊರಗೆ ಕೊಟ್ಟದ್ದರಲ್ಲೂ
ಚೂರು ವಾಪಸು ಕೇಳಿ
ಮುಂದಿನ ಅಂಕಿ ಬಾಗಿಲು ಬಡಿಯುವುದರೊಳಗೆ
ಮೊತ್ತ ಹೇಳಿ ಮುಗಿಸಿರುತ್ತದೆ.
ಪಾಲು ತಿದ್ದಿದರೆ ಡೊಳ್ಳು ಉಬ್ಬುತ್ತದೆ, ಇಲ್ಲಾ ತಾಳ ಮಿನುಗುತ್ತದೆ.
ಹತ್ತಿರದ ಸ್ಪೀಕರಿಗೆ ಅಂಕಿಗಳನ್ನು ತುಸು ತಡೆದು ಬಿಟ್ಟರೆ
ದೂರದ್ದೂ ಅದೂ ಒಟ್ಟಿಗೇ ಮುಟ್ಟುತ್ತವೆ.
ಅವ್ವ ಇಲ್ಲಿ ತಲೆಯಾಡಿಸಿದಳು:
"ಲಾಳಿ ಲಗೂ ಬಂದ್ರ ಎಳಿ ಹರೀತದ."

ಕೊನೆಗೆ ಅಂಕಿಗಳ ಮೆಟ್ಟಿಲನ್ನು ಉಜ್ಜಿ ನುಣುಪು ಮಾಡಿದರೆ
ಮತ್ತೆ ತೂಗಾಟ, ಮತ್ತೆ ಕಾಗದದ ಕೋನು, ಗಾಳಿ.

ಡಬ್ಬಿಯ ಜೊತೆ ಒಂದು ಪುಟ್ಟ ಮೈಕು ಬಂದಿತ್ತು.
ಕೋಣೆಯ ನಡುವೆ ಇಟ್ಟರೆ ಸ್ಪೀಕರು ಹೂಪ್ ಎಂದು ಕೂಗುತ್ತದೆ,
ಗೋಡೆ ಎಷ್ಟು ಮರಳಿಸಿತು, ಗಾದಿ ಎಷ್ಟು ನುಂಗಿತು
ಎಲ್ಲ ತಾನೇ ಅಳೆದುಕೊಳ್ಳುತ್ತದೆ.
ಅಳೆಯಲಿ. ಕಿವಿಯೊಳಗೆ ಹೋಗಲು ಅದಕ್ಕೆ ಬರುವುದಿಲ್ಲ.
ಆಸ್ಪತ್ರೆಯ ಹಾಳೆ ಮುಂದಿಟ್ಟುಕೊಂಡು
ನಾಲ್ಕು ಸಾವಿರಕ್ಕೆ ಆರು ಡೆಸಿಬೆಲ್ ಏರಿಸಿದೆ. ಎಂಟು. ಒಂಬತ್ತು.
ಒಂಬತ್ತಕ್ಕೆ ದನಿ ಹರಿಯಿತು. ಅಂಕಿಗೂ ಒಂದು ಚಾವಣಿ ಇದೆ,
ತಲೆ ಬಡಿದರೆ ಚಪ್ಪಟೆ.
ಮೊದಲು ಎಲ್ಲವನ್ನೂ ಇಳಿಸಿ, ಆಮೇಲೆ ಅದೊಂದನ್ನೇ ಏರಿಸಿದೆ.

ಫೋನಿನಿಂದ ಕನ್ನಡ ಸುದ್ದಿ ಹಚ್ಚಿದೆ. ಪೇಟೆ ಧಾರಣೆ.
ಕಡಲೆ, ತೊಗರಿ, ಬೆಲ್ಲ.
ಅವ್ವ ಗೋಡೆ ನೋಡುತ್ತ ಕೂತವಳು
ಗಕ್ಕನೆ ತಿರುಗಿದಳು:
"ಸಕ್ಕರಿ ತುಟ್ಟಿ ಆಗ್ಯದಂತ."

ನಾನು ಏನೂ ಅನ್ನಲಿಲ್ಲ.
"ಖರೇ ಹೇಳಲೇನು, ಉಸುಕು ತೂರಿದಂಗ ಕೇಳ್ತದ.
ಇರಲಿ. ಬಂದ್ ಮಾಡಬ್ಯಾಡ."

ಶುಕ್ರವಾರ ಸಾಳುಂಖೆ ಬಂದರು, ತಡವಾಯಿತೆಂದೂ ಹೇಳದೆ.
ಎಲ್ಲ ಸೊನ್ನೆಗೆ ತಂದು ಕೊಟ್ಟೆ. ಅವರ ಕಿವಿ ಬೇರೆ.
ಹಳೆಯ ಕಾರ್ಡೊಂದರ ಹಿಂದೆ, ತೂತುಗಳ ಸಂದಿಯಲ್ಲಿ
ಅವ್ವನ ಅಂಕಿಗಳನ್ನು ಬರೆದಿಟ್ಟಿದ್ದೇನೆ.
ಅಂಥದೊಂದು ಚಿಪ್ ಬಿಡಿಯಾಗಿ ಪುಣೆಯಲ್ಲಿ ಸಿಗುತ್ತದಂತೆ.

ಸಂಜೆ ಚಹಾಕ್ಕಿಟ್ಟು ಕೇಳಿದೆ, ಸಕ್ಕರಿ ಎಷ್ಟು ಹಾಕಲಿ?
ಗೊತ್ತಿದ್ದೋ ಗೊತ್ತಿಲ್ಲದೆಯೋ,
"ಅಕ್ಕರಿ ಎರಡು ಚಮಚ," ಅಂದಳು.