ಶುಕ್ರವಾರದ ತೂಕ

ಮಾಪ್ಸಾ ಸಂತಿ ಅಂದ್ರ ಶುಕ್ರವಾರ.
ಮೀನಿನ ಸಾಲು ದಾಟಿ, ಚೊರಿಸ್ ಮಾಲಿ ಇಳಿಬಿಟ್ಟ ಕಟ್ಟಿ ದಾಟಿ
ಕಾಯ್ತಾನ್‌ನ ಕೋಳಿ ಅಂಗಡಿ. ಅಲ್ಲಿ ನಾ ಪುಚ್ಚ ಕೀಳಾಕಿ,
ಕೊಪ್ಪಳ ಸೀಮಿ ಹುಲಿಗೆಮ್ಮ. ಹನ್ನೊಂದು ವರ್ಷಾತು.

ಮೂರು ಶುಕ್ರವಾರ ಒಬ್ಬಾಕಿ ಹುಡುಗಿ ಬಂದ್ಲು,
ಸಂಪದಾ ಅಂತ, ದನಕರದ ಡಾಕ್ಟರಿಕಿ ಓದಾಕಿ.
ಕೈಯಾಗ ಗೆರಿ ಹೊಡೆದ ವಹಿ, ಚೀಲದಾಗ ತನ್ನದ ತಕ್ಕಡಿ.
ಕಾಯ್ತಾನ್‌ನ ತಕ್ಕಡಿ ಆಕಿ ನಂಬಲಿಲ್ಲ,
ನಂಬಿದವರು ಊರಾಗ ಯಾರೂ ಇಲ್ಲ.
ಹನ್ನೆರಡು ಗಾಂವ್ಟಿ, ಹನ್ನೆರಡು ಬ್ರಾಯ್ಲರ್.
ಯಾವುದರಾಗ ಮಾಂಸ ಎಷ್ಟು, ಅದನ್ನ ನೋಡಬೇಕಂತ.
ಅದಕ್ಕೇನ್ ಓದಬೇಕ ತಾಯಿ, ಅಂತ ತುಟಿಗೆ ಬಂತು. ನುಂಗಿದೆ.

ಬ್ರಾಯ್ಲರ್ ತೂಗಾಕ ತ್ರಾಸಿಲ್ಲ.
ಕುಂದರಿಸಿದಲ್ಲಿ ಕುಂದರತೈತಿ,
ನಲವತ್ತು ದಿನದ ಕೂಸು, ಎರಡು ಕಿಲೋ ಮೈ,
ತನ್ನ ಎದಿ ತನಗ ಹೊರಲಾರದ್ದು.
ಗಾಂವ್ಟಿ ಹುಂಜ ಅಂಕಿ ನಿಲ್ಲಾಕ ಬಿಡವಲ್ಲದು.
ಸಾವಿರದ ಮುನ್ನೂರು, ನಾನೂರು, ಮತ್ತ ಮುನ್ನೂರು.
ಕಡೀಕ ಆಕಿ ತನ್ನ ಓಡ್ನಿ ಅದರ ಮಾರಿ ಮ್ಯಾಲ ಹೊಚ್ಚಿದ್ಲು.
ರಾತ್ರಿ ಆತು ಅಂದುಕೊಂಡು ಸುಮ್ಮನಾತು.
ಸಾವಿರದ ನಾನೂರು.

ನಾ ಕೊಯ್ದೆ, ಆಕಿ ಬರದ್ಲು.
ರಕ್ತ. ಪುಚ್ಚ. ತಲಿ. ಕಾಲು. ಕಳ್ಳು.
ಒಂದೊಂದಕ್ಕ ಒಂದೊಂದು ಮನಿ ವಹ್ಯಾಗ,
ತುದಿಗೆ ದೊಡ್ಡ ಮನಿ, ಉಳಿದದ್ದು.
ಬ್ರಾಯ್ಲರ್ ನೂರಕ್ಕ ಎಪ್ಪತ್ತೆರಡು.
ಗಾಂವ್ಟಿ ಅರವತ್ತೆರಡು, ಅದೂ ಏಳು ತಿಂಗಳು ಕಾದ ಮ್ಯಾಲ.
ಪುಸ್ತಕದಾಗ ಇದ್ದದ್ದ ಬಂತು ಅಂತ ಆಕಿಗೆ ಹಿಗ್ಗು.

ಅಷ್ಟೊತ್ತಿಗೆ ನಾ ಹೊಟ್ಟಿ ಚೀಲ ಸೀಳತಿದ್ದೆ.
ಬ್ರಾಯ್ಲರ್‌ದು ಸೀಳಿದ್ರ ಹಳದಿ ಹಿಟ್ಟು,
ಇನ್ನೊಂದು ಸೀಳಿದ್ರ ಅದ ಹಿಟ್ಟು.
ಹುಂಜಂದು ಸೀಳಿದ್ರ
ಭತ್ತ, ಎರಡು ಕೆಂಪಿರುವಿ, ಗೇರು ಸಿಪ್ಪಿ, ಹೆಂಚಿನ ಚೂರು,
ಬಂಗಡಿ ಮುಳ್ಳು, ಸವೆದು ಸವೆದು ಮುತ್ತಾದ ನೀಲಿ ಗಾಜು,
ಮತ್ತ ಯಾರದೋ ಬೆಂಡೋಲಿ ತಿರುಪು, ಬಂಗಾರದ್ದು.
ತೊಳೆದು ಅಂಗೈಯಾಗ ಹಿಡದೆ.
ಇದನ್ನ ಯಾವ ಮನಿಗೆ ಬರೀತಿ?
ಪೆನ್ನು ಕಚ್ಚಿಕೊಂಡು ಕುಂತ್ಲು. ತಕ್ಕಡಿ ಮ್ಯಾಲ ಇಟ್ಟು ನೋಡಿದ್ಲು.
ತಕ್ಕಡಿ ಒಪ್ಪಲಿಲ್ಲ, ಸೊನ್ನಿನ ತೋರಿಸ್ತು.
ತಿರುಪು ಕಾಯ್ತಾನ್ ಗಲ್ಲಾಕ ಹಾಕ್ಕೊಂಡ.

ಎಸ್ಪೆರಾನ್ಸ್ ಬಾಯಿ ಬಂದು ಶಾಕುತಿಗೆ ಹುಂಜ ಕೇಳಿದ್ಲು.
ಇಮ್ಮಡಿ ರೊಕ್ಕ, ಅದರಾಗ ಅರ್ಧ ಎಲುವು, ಅಂದ್ಲು ಸಂಪದಾ.
ಬಾಯಿ ಆಕಿ ಕಡೆ ನೋಡದನ
ಎಲುವು ಒಡೀಬ್ಯಾಡ, ಉದ್ದ ಬಿಡು, ಅಂತ ನನಗ ಅಂದ್ಲು.

ಕಡೀ ಶುಕ್ರವಾರ ಹುಡುಗಿ ಕೇಳಿದ್ಲು,
ನಿಮ್ಮ ಮನ್ಯಾಗ ಯಾವುದು ಬೇಯಸ್ತೀರಿ, ಇದೋ ಅದೋ?
ನಂಗ ಓದಾಕ ಬರೂದಿಲ್ಲ,
ಮೂರು ವಾರದಾಗ ವಹ್ಯಾನ ಮನಿ ಗುರ್ತು ಸಿಕ್ಕಿದ್ವು.
ತಲಿ ಮ್ಯಾಲ ಬೆರಳಿಟ್ಟೆ. ಕಾಲು. ಕಳ್ಳು.
ಮ್ಯಾಲ ಏನಂತ ಬರದಿ ಇವಕ್ಕ?
ಆಕಿ ಸಣ್ಣ ದನಿ ಮಾಡಿ, ನಷ್ಟ, ಅಂದ್ಲು.

ಕಾಲು ಬೆಂಕ್ಯಾಗ ಸುಟ್ಟು, ಸಿಪ್ಪಿ ಸುಲಿದು, ಉಗುರು ಮುರಿದು,
ಗುರೆಳ್ಳು ಹಾಕಿ ಕುದಿಸಿದ್ರ ಬೆರಳಿಗೆ ಬೆರಳು ಅಂಟತೈತಿ.
ಮೂರು ಮಕ್ಕಳು ನಷ್ಟದಾಗ ಬೆಳದಾವ ನನಗ.
ದೊಡ್ಡಾಂವಗ ಬಾಗಲಾ ಬಗ್ಗಿ ಬರಬೇಕಾಗತೈತಿ.

ಆಕಿ ಅದನ್ನೇನು ಬರಕೊಳ್ಳಲಿಲ್ಲ. ತಕ್ಕಡಿ ಒರಸಾಕ ಹತ್ತಿದ್ಲು.
ತಡಿ ಅಂತ ನನ್ನ ಕೈ ಇಟ್ಟೆ ಅದರ ಮ್ಯಾಲ, ಸುಮ್ಮನ.
ಮುನ್ನೂರಾ ಹತ್ತು, ಅಂದ್ಲು ನಕ್ಕು.
ಪುಚ್ಚ ಅಂಟಿದ್ವು, ಅದನ್ನ ಕಳೀಬೇಕಿತ್ತು.