ಹೊರಗಿಂದ ಅಳತೆ

ನಕ್ಷೆಯನ್ನು ಕೇರಂ ಬೋರ್ಡಿನ ಮೇಲೆ ಹಾಸಿದೆವು.
ಪಡುಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ
ಒಂದು ಸ್ಟ್ರೈಕರ್, ಒಂದು ಚಾ ಗ್ಲಾಸು,
ಭಜನೆಯ ತಾಳದ ಒಂಟಿ ಬಿಲ್ಲೆ,
ಸೂರಿನಿಂದ ನಿನ್ನೆಯಷ್ಟೇ ಬಿದ್ದ ಹೆಂಚಿನ ಚೂರು.

ಇಂಜಿನಿಯರ್ ಹುಡುಗಿ ಕಟಪಾಡಿಯವಳು, ಪ್ರಜ್ವಲಾ ಸಾಲಿಯಾನ್.
ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ಹೇಳುತ್ತಾ ಹೋದಳು:
ಮುನ್ನೂರು ಕುರ್ಚಿ, ಮೇಲೆ ಊಟದ ಹಾಲ್,
ಗಾಲಿಕುರ್ಚಿಗೆ ಇಳಿಜಾರು ದಾರಿ,
ಹೆಂಚು ಬೇಡ, ಶೀಟು.

ಶೀಟು ಅಂದ ಕೂಡಲೆ ಬೂಬಣ್ಣ ಕುಂದರ್ ಕೆಮ್ಮಿದರು.
ಅವರ ಕೆಮ್ಮಿಗೆ ನಮ್ಮ ಯುವಕ ಮಂಡಲದಲ್ಲಿ
ಖಜಾಂಚಿಯ ಸಹಿಯಷ್ಟು ತೂಕ.
"ಈ ಮುರಕಲ್ಲು ನಮ್ಮಪ್ಪ ದೋಣಿಯಲ್ಲಿ ತಂದದ್ದು,
ಉದ್ಯಾವರ ಹೊಳೆಯಲ್ಲಿ, ಭರತ ನೋಡಿ ನೋಡಿ.
ಒಂದು ದೋಣಿ ಮಗುಚಿತು. ಎಂಬತ್ತು ಕಲ್ಲು
ಈಗಲೂ ಹೊಳೆಯ ಅಡಿಯಲ್ಲಿ ಉಂಟು.
ಹೊಸದು ಕಟ್ಟಿ, ಬೇಡ ಹೇಳುವುದಿಲ್ಲ ಮಾರಾಯ್ರೆ,
ಆದರೆ ಎಲ್ಲ ಹೀಗೆಯೇ ಇರಲಿ."

ಎಲ್ಲ ಅಂದರೆ
ನನ್ನ ಮದುವೆಯ ರಾತ್ರಿ ಗ್ಯಾಸ್‌ಲೈಟು
ಮಸಿ ಹಿಡಿಸಿದ ಆ ಪಕ್ಕಾಸೂ ಇರಬೇಕು,
ಮತಗಟ್ಟೆಯ ನೀಲಿ ಶಾಯಿ ಒರೆಸಿಕೊಂಡ ಬಾಗಿಲ ದಾರಂದವೂ.
ಮೂಡು ಗೋಡೆಯ ಬಿರುಕಿಗೆ ವರ್ಷ ವರ್ಷ
ಸಿಮೆಂಟು ತಿನ್ನಿಸಿದವ ನಾನೇ.
ತಿಂದು ತಿಂದು ಅದು ದೊಡ್ಡದಾಯಿತು.

ಪ್ರಜ್ವಲಾ ಹಳೆ ಕಟ್ಟಡದ ಅಳತೆಯ ಹಾಳೆ ತೆಗೆದಳು.
"ಎಲ್ಲ ಅಂದರೆ ಇದೂ ಸೇರಿತಾ?
ಅಡಿಗೆಕೋಣೆಯ ಹಿಂದೆ, ನೆಲದಿಂದ ಮೂರಡಿಗೆ
ಒಂದು ಸಣ್ಣ ಕಿಟಕಿ. ಸರಳಿಲ್ಲ, ಪಡಿಯಿಲ್ಲ.
ಗಾಳಿಗೂ ಅಲ್ಲ, ಬೆಳಕಿಗೂ ಅಲ್ಲ. ಎಂತಕ್ಕೆ?"

ಕಾರ್ಯದರ್ಶಿಯಾದ ನಾನು
ಪೆನ್ನಿಗೆ ಟೋಪಿ ಹಾಕಿದೆ. ತೆಗೆದೆ. ಹಾಕಿದೆ.
ಬೂಬಣ್ಣ ಕೆಮ್ಮಲಿಲ್ಲ.

ಎಂಟು ವರ್ಷ ನನಗೆ. ಮದುವೆ ಊಟದ ಕಡೆಯ ಪಂಕ್ತಿ ಎದ್ದ ಮೇಲೆ
ಸೌಟು ನನ್ನ ಕೈಗೆ ಕೊಟ್ಟಿದ್ದರು.
"ಮೇಲಿಂದ ಹಾಕು, ತಾಗಬಾರದು."
ಕಿಟಕಿಯ ಆಚೆ ಎತ್ತಿ ಹಿಡಿದ ಬೀಳಲಿನ ಬುಟ್ಟಿಗಳು,
ಬೆರಳುಗಳು, ನೆತ್ತಿಯ ಕೂದಲು.
ಒಂದೇ ಒಂದು ಮುಖ.
ನನ್ನ ಪ್ರಾಯದ ಹುಡುಗಿ, ನೇರ ನನ್ನ ಕಣ್ಣಿಗೆ.
ನಾನು ಸೌಟಿನಲ್ಲಿ ಪಾಯಸ ಹುಡುಕಿದೆ. ಮುಗಿದಿತ್ತು.

ಬಾಗಿಲ ಬಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ,
ಮಡಿಲಲ್ಲಿ ಚೀಲ ಇಟ್ಟುಕೊಂಡು ಅಂಗಾರಕ್ಕ ಕೂತಿದ್ದರು.
ಈ ವಾರ್ಡಿನ ಸದಸ್ಯೆ. ಅನುದಾನದ ಕಾಗದಕ್ಕೆ
ಅವರ ಸಹಿ ಬೇಕೆಂದು ನಾವೇ ಕರೆದದ್ದು.
ಅಲ್ಲಿಯವರೆಗೆ ಮಾತಾಡಿರಲಿಲ್ಲ.
"ಎಷ್ಟು ಹೇಳಿದಿ ಮಗಾ? ಮೂರಾ?"
"ಹೌದು, ಮೂರು."
"ಅದು ಒಳಗಿಂದ. ಹೊರಗಿಂದ ಅಳೆದು ಬಾ."

ಹುಡುಗಿ ಹೋದಳು. ಅಂಗಾರಕ್ಕನೂ ಹೋದರು.
ಕಿಟಕಿಯಿಂದ ಉಕ್ಕಿನ ಟೇಪಿನ ನಾಲಿಗೆ ಒಳಬಂತು.
"ತುದಿ ಹಿಡಿಯಿರಿ ಸರ್, ಜಾರುತ್ತದೆ" ಅಂದಳು.
ಹಿಡಿದೆ. ಬಿಸಿಲಿಗೆ ಕಾದಿತ್ತು.
"ಐದಡಿ ಒಂದಿಂಚು," ಕೂಗಿದಳು, "ಇಲ್ಲಿ ನೆಲ ತಗ್ಗು!"

ಆ ಮುಖ ಅಷ್ಟು ಎತ್ತರಕ್ಕೆ ಹೇಗೆ ಬಂತು ಎಂದು
ಐವತ್ತು ವರ್ಷ ನಾನು ಕೇಳಿಕೊಂಡಿರಲೇ ಇಲ್ಲ.
ಯಾರದೋ ಹೆಗಲ ಮೇಲೆ ಕೂತಿರಬೇಕು.

ಒಳಗೆ ಬಂದು ಅಂಗಾರಕ್ಕ ಚೀಲ ಕೊಡವಿದರು.
"ಕಿಟಕಿ ಎಲ್ಲಿ ಬೇಕಾದರೂ ಇಡು ಮಗಾ,
ಎಷ್ಟು ಬೇಕಾದರೂ ಇಡು.
ನೆಲ ಮಾತ್ರ ಒಳಗೂ ಹೊರಗೂ ಒಂದೇ ಮಟ್ಟ ಮಾಡು."
ಪ್ರಜ್ವಲಾ ಜಡೆಯಿಂದ ಪೆನ್ಸಿಲು ಕಿತ್ತು ಬರೆದುಕೊಂಡಳು.
ಮಣ್ಣು ತುಂಬಿಸುವ ಖರ್ಚೆಷ್ಟು ಎಂದು ಯಾರೋ ಕೇಳಿದರು,
ಎಷ್ಟು ಲೋಡು ಎಂದು ಇನ್ನೊಬ್ಬರು.

ನಾನು ನಿರ್ಣಯ ಬರೆದೆ:
ನಕ್ಷೆಯನ್ನು ಸಭೆ ತಾತ್ವಿಕವಾಗಿ ಒಪ್ಪಿತು.
ಹೆಂಚೋ ಶೀಟೋ, ಮುಂದಿನ ಸಭೆಗೆ.
ಚಾ ತಿಂಡಿಗೆ ಆರುನೂರ ನಲವತ್ತು ರೂಪಾಯಿ.

ಸಹಿಗೆ ಪುಸ್ತಕ ಚಾಚಿದೆ.
ಅಂಗಾರಕ್ಕ ಕನ್ನಡಕ ಏರಿಸಿ, ಬೆರಳಿಟ್ಟು
ಮೊದಲಿಂದ ಕಡೆಯವರೆಗೆ ಓದಿದರು.
"ಇದರಲ್ಲಿ ಐದಡಿ ಎಲ್ಲಿ?"

ಪುಟದ ಕೆಳಗೆ ಜಾಗವಿತ್ತು,
ಒಂದು ಸಾಲಿನಷ್ಟು.